ಸಂಗೀತ ಪತ್ರಿಕೆಗೆ ದುಡ್ಡು ಕೊಟ್ಟು ಓದುವವರು

ಹೊಸ ಸಂಗೀತ ಪತ್ರಿಕೆಯೊಂದರ ಓದುಗರು ಯಾರು ಎಂದು ಕೇಳಿದರೆ ‘ಸಂಗೀತದಲ್ಲಿ ಆಸಕ್ತಿ ಇರುವವರೆಲ್ಲ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಆ ಉತ್ತರದಿಂದ ಪ್ರಯೋಜನ ಮಾತ್ರ ಏನೂ ಇಲ್ಲ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ಸುಮಾರು 4.37 ಕೋಟಿ. ಇವರಲ್ಲಿ ಹಾಡು ಬೇಡ ಎನ್ನುವವರನ್ನು ಹುಡುಕಿ ತೆಗೆಯಬೇಕು. ಆದರೆ ಹಾಡು ಕೇಳುವುದು ಒಂದು, ಹಾಡಿನ ಬಗ್ಗೆ ಓದುವುದು ಇನ್ನೊಂದು, ಓದುವುದಕ್ಕೆಂದು ದುಡ್ಡು ಕೊಡುವುದು ಮತ್ತೊಂದು. ಮೊದಲನೆಯದರಿಂದ ಮೂರನೆಯದಕ್ಕೆ ಬರುವಷ್ಟರಲ್ಲಿ ಕೋಟಿ ಕರಗಿ ಸಾವಿರಕ್ಕೆ ಇಳಿದಿರುತ್ತದೆ. ಆ ಸಾವಿರ ಜನ ಯಾರು, ಎಲ್ಲಿ ಸಿಗುತ್ತಾರೆ, ಅವರಿಗೆ ಬೇಕಾದದ್ದೇನು ಎಂಬುದನ್ನು ಮೊದಲ ಸಂಚಿಕೆಗೆ ಮುಂಚೆಯೇ ಗೊತ್ತು ಮಾಡಿಕೊಳ್ಳಬೇಕು. ಮೂರನೆಯ ಸಂಚಿಕೆಯ ಕಟ್ಟುಗಳು ಬಿಚ್ಚದೆ ಮನೆಗೆ ವಾಪಸು ಬಂದ ಮೇಲೆ ಯೋಚಿಸಿದರೆ ತಡವಾಗಿರುತ್ತದೆ.

ಈ ಹುಡುಕಾಟವನ್ನು ಒಂದು ನೆಲೆಯಲ್ಲಿ ನಿಂತು ಮಾಡುವುದಾದರೆ ಬೆಂಗಳೂರಿನ ತ್ಯಾಗರಾಜನಗರಕ್ಕಿಂತ ಅನುಕೂಲದ ಜಾಗ ಕಡಿಮೆ. ನೆಟ್ಟಕಲ್ಲಪ್ಪ ವೃತ್ತ ದಾಟಿದರೆ ಎನ್.ಆರ್. ಕಾಲೊನಿ. ಅಲ್ಲಿಂದ ಬಸವನಗುಡಿ, ಗಾಂಧಿಬಜಾರು ನಡಿಗೆಯ ದೂರ. 1898ರ ಪ್ಲೇಗಿನ ನಂತರ ಬೆಳೆದ ಈ ಬಡಾವಣೆಗಳಿಗೂ ಸಂಗೀತ ಸಭೆಗಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಕೆ.ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜ 1905ರಲ್ಲಿ ಹುಟ್ಟಿತು. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯನ್ನು ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ ಕಟ್ಟಿದರು. ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆಯೂ ಡಿ.ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ 1945ರವು. ಎನ್.ಆರ್. ಕಾಲೊನಿಯಲ್ಲಿ ಗಾಯಕ ಸಿ. ಅಶ್ವತ್ಥ್ ಹೆಸರಿನ ಕಲಾಭವನವಿದೆ. ಕಛೇರಿ, ಉಪನ್ಯಾಸ, ಪುಸ್ತಕದ ಅಂಗಡಿ, ವಾಚನಾಲಯ ಮತ್ತು ಸಂಜೆಯ ಪಾಠದ ಮನೆಗಳು ಇಷ್ಟು ಹತ್ತಿರ ಹತ್ತಿರ ಇರುವ ಜಾಗದಲ್ಲೇ ಸಂಗೀತ ಪತ್ರಿಕೆಗೆ ಓದುಗರು ಸಿಗದಿದ್ದರೆ ಬೇರೆ ಕಡೆ ಹುಡುಕುವುದು ವ್ಯರ್ಥ. ಇಲ್ಲಿ ಸಿಕ್ಕರೂ, ಸಿಕ್ಕವರು ಯಾವ ಬಗೆಯವರು ಎಂಬುದು ಬೇರೆಯೇ ಪ್ರಶ್ನೆ.

ಹೊರಗಿನ ಅನುಭವವನ್ನು ಮೊದಲು ನೋಡಬಹುದು. ಹೆಚ್ಚು ಕಾಲ ಬಾಳಿದ ಸಂಗೀತ ಪತ್ರಿಕೆಗಳು ಬಹುಪಾಲು ‘ಸಂಗೀತ ಪ್ರೇಮಿ’ಗಾಗಿ ಹುಟ್ಟಿದವಲ್ಲ, ಗುರುತು ಹಿಡಿಯಬಹುದಾದ ಒಬ್ಬ ವ್ಯಕ್ತಿಗಾಗಿ ಹುಟ್ಟಿದವು. ಅಮೆರಿಕದಲ್ಲಿ ಥಿಯೊಡೋರ್ ಪ್ರೆಸರ್ 1883ರಲ್ಲಿ ಆರಂಭಿಸಿದ ‘ದಿ ಎಟ್ಯೂಡ್’ ಊರೂರಿನ ಪಿಯಾನೊ ಮೇಷ್ಟರನ್ನು ಹಿಡಿದುಕೊಂಡಿತು. ಪ್ರತಿ ಸಂಚಿಕೆಯಲ್ಲೂ ಪಾಠಕ್ಕೆ ಒದಗುವ ಸ್ವರಲಿಪಿ ಇರುತ್ತಿತ್ತು. ಮೇಷ್ಟರು ತರಿಸಿದರೆ ಶಿಷ್ಯರೂ ತರಿಸುತ್ತಿದ್ದರು. ಅದು 1957ರವರೆಗೆ ನಡೆಯಿತು. ಇಂಗ್ಲೆಂಡಿನ ‘ಗ್ರಾಮಫೋನ್’ ಪತ್ರಿಕೆಯನ್ನು 1923ರಲ್ಲಿ ಕಾದಂಬರಿಕಾರ ಕಾಂಪ್ಟನ್ ಮೆಕೆಂಝಿ ಆರಂಭಿಸಿದಾಗ ಓದುಗ ಯಾರೆಂಬ ಗೊಂದಲವೇ ಇರಲಿಲ್ಲ: ಮನೆಯಲ್ಲಿ ಗ್ರಾಮಫೋನ್ ಇದ್ದವನು, ಮುಂದಿನ ತಿಂಗಳು ಯಾವ ತಟ್ಟೆ ಕೊಳ್ಳಲಿ ಎಂದು ಯೋಚಿಸುವವನು. 1952ರಲ್ಲಿ ಬಂದ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಅದೇ ವರ್ಷ ಬ್ರಿಟನ್ನಿನ ಮೊದಲ ಸಿಂಗಲ್ಸ್ ಮಾರಾಟದ ಪಟ್ಟಿಯನ್ನು ಅಚ್ಚು ಹಾಕಿ ಹುಡುಗರ ಕೈಗೆ ಹೋಯಿತು. ಹುಡುಗರು ತಟ್ಟೆ ಕೊಳ್ಳುವುದನ್ನು ಬಿಟ್ಟ ಕಾಲಕ್ಕೆ, 2015ರಲ್ಲಿ, ಪುಕ್ಕಟೆಯಾಯಿತು. 2018ರಲ್ಲಿ ಅದರ ವಾರದ ಮುದ್ರಣವೇ ನಿಂತಿತು. ಕೊಳ್ಳುವವನಿಗೆಂದು ಹುಟ್ಟಿದ ಪತ್ರಿಕೆ ಕೊಳ್ಳುವಿಕೆ ನಿಂತ ಮೇಲೆ ಬಾಳಲಿಲ್ಲ.

ಭಾರತದಲ್ಲಿ ಕಲಿಯುವವನನ್ನು ನಂಬಿದವರು ಗಟ್ಟಿ ನಿಂತಿದ್ದಾರೆ. ಉತ್ತರ ಪ್ರದೇಶದ ಹಾಥರಸಿನಿಂದ 1935ರಲ್ಲಿ ಆರಂಭವಾದ ಹಿಂದಿ ಮಾಸಿಕ ‘ಸಂಗೀತ್’ ರಾಗ, ಬಂದಿಶ್, ತಾಳಗಳ ಸ್ವರಲಿಪಿಯನ್ನು ಅಚ್ಚು ಹಾಕುತ್ತ ಬಂತು. ಒಂದೊಂದು ವಿಷಯಕ್ಕೆ ಮೀಸಲಾದ ಅದರ ವಿಶೇಷಾಂಕಗಳನ್ನು ಜನ ಪುಸ್ತಕದಂತೆ ಕಪಾಟಿನಲ್ಲಿಟ್ಟುಕೊಂಡರು. ಚೆನ್ನೈನಲ್ಲಿ ಎನ್. ಪಟ್ಟಾಭಿರಾಮನ್ 1983ರಲ್ಲಿ ಹೊರಡಿಸಿದ ಇಂಗ್ಲಿಷ್ ಮಾಸಿಕ ‘ಶ್ರುತಿ’ ಇನ್ನೊಂದು ಹಾದಿ ಹಿಡಿಯಿತು. ಅದರ ಓದುಗ ಕಛೇರಿಗೆ ಹೋಗುವ, ಇಂಗ್ಲಿಷ್ ಓದುವ, ಕಲಾವಿದರ ಬದುಕು ಮತ್ತು ಸಂಗೀತ ಲೋಕದ ವಾದವಿವಾದಗಳಲ್ಲಿ ಕುತೂಹಲ ಇರುವ ವಿದ್ಯಾವಂತ. ಅಂಥವನು ಚೆನ್ನೈಯಲ್ಲೂ ಇದ್ದ, ಬೆಂಗಳೂರಿನಲ್ಲೂ ಇದ್ದ, ನ್ಯೂಜೆರ್ಸಿಯಲ್ಲೂ ಇದ್ದ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಅನನ್ಯ ಸಂಸ್ಥೆ ‘ಅನನ್ಯ ಕಲಾಸಿಂಚನ’ ಎಂಬ ಮಾಸಿಕವನ್ನು ನಡೆಸಿಕೊಂಡು ಬಂದಿತು. ಕಛೇರಿ, ಗ್ರಂಥಾಲಯ, ಪ್ರಕಟಣೆ ಎಲ್ಲವನ್ನೂ ಒಂದೇ ಕಡೆ ಇಟ್ಟುಕೊಂಡ ಸಂಸ್ಥೆಗೆ ಪತ್ರಿಕೆಯ ಓದುಗರು ತನ್ನ ಸಭಾಂಗಣದಲ್ಲೇ ಸಿಗುತ್ತಾರೆ. ಬೆನ್ನ ಹಿಂದೆ ಅಂಥ ಸಂಸ್ಥೆ ಇಲ್ಲದೆ ಬರಿಯ ಪತ್ರಿಕೆ ಮಾತ್ರ ಹೊರಡಿಸುವವರಿಗೆ ಆ ಆಸರೆ ಇರುವುದಿಲ್ಲ.

ಇನ್ನು ತ್ಯಾಗರಾಜನಗರದ ಸುತ್ತಿನ ಓದುಗರತ್ತ ತಿರುಗಿದರೆ, ಮೊದಲು ಕಣ್ಣಿಗೆ ಬೀಳುವವನು ಕಛೇರಿಯ ರಸಿಕ. ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮಸೇವಾ ಮಂಡಳಿಯ ರಾಮನವಮಿ ಚಪ್ಪರ ತುಂಬಿದ ಸಂಜೆ ನೋಡಿದವರಿಗೆ, ಇಷ್ಟು ಜನರಲ್ಲಿ ಹತ್ತನೇ ಒಂದು ಪಾಲು ಚಂದಾ ಕೊಟ್ಟರೂ ಸಾಕಲ್ಲ ಎನ್ನಿಸುವುದು ಸಹಜ. ಆದರೆ ಆ ರಸಿಕನನ್ನು ಹತ್ತಿರದಿಂದ ನೋಡಬೇಕು. ಆಲಾಪನೆಯ ಎರಡನೆಯ ಹಿಡಿತಕ್ಕೇ ರಾಗದ ಹೆಸರನ್ನು ಪಕ್ಕದವರ ಕಿವಿಗೆ ಹಾಕುತ್ತಾನೆ. ತೊಡೆಯ ಮೇಲೆ ತಾಳ ಹಾಕುತ್ತ ಗಾಯಕರಿಗಿಂತ ಮೊದಲು ಸಮಕ್ಕೆ ಬಂದು ಕಾಯುತ್ತಾನೆ. ತನಿ ಆವರ್ತನ ಶುರುವಾದರೆ ಕಾಫಿಗೆ ಏಳುತ್ತಾನೆ, ಮೃದಂಗದವರು ದೊಡ್ಡವರಾದರೆ ಮಾತ್ರ ಕೂರುತ್ತಾನೆ. ಮಂಗಳ ಹಾಡುವ ಹೊತ್ತಿಗೆ ಅವನ ವಿಮರ್ಶೆ ಮುಗಿದಿರುತ್ತದೆ, ಚಪ್ಪಲಿ ಹುಡುಕುವಾಗ ಅದನ್ನು ನಾಲ್ಕು ಜನರಿಗೆ ಹೇಳಿಯೂ ಆಗಿರುತ್ತದೆ. ಮೂರು ವಾರದ ನಂತರ ಅಚ್ಚಾಗಿ ಬರುವ ಕಛೇರಿ ವಿಮರ್ಶೆಯಲ್ಲಿ ಅವನಿಗೆ ಹೊಸದೇನೂ ಉಳಿದಿರುವುದಿಲ್ಲ. ವಿಮರ್ಶಕ ತನ್ನ ಮಾತನ್ನೇ ಹೇಳಿದ್ದಾನೋ ಇಲ್ಲವೋ ಎಂದು ನೋಡಿ ಮಡಿಸಿಡುತ್ತಾನೆ.

ಇನ್ನೊಂದು ಅಡ್ಡಿಯೂ ಇದೆ. ಬೆಂಗಳೂರಿನ ಸಭೆಗಳು ಅವನಿಗೆ ಪುಕ್ಕಟೆಯ ರೂಢಿ ಮಾಡಿಸಿವೆ. ದೊಡ್ಡ ಉತ್ಸವಗಳ ಟಿಕೆಟ್ಟನ್ನು ಬಿಟ್ಟರೆ ವರ್ಷದ ಎಷ್ಟೋ ಕಛೇರಿಗಳ ಆಮಂತ್ರಣದಲ್ಲಿ ‘ಎಲ್ಲರಿಗೂ ಆದರದ ಸ್ವಾಗತ’ ಎಂದೇ ಇರುತ್ತದೆ. ಓದುವ ಸಾಮಗ್ರಿಯೂ ಹಾಗೆಯೇ ಸಿಗುತ್ತದೆ: ಸಭೆಗಳ ಸ್ಮರಣ ಸಂಚಿಕೆಯಲ್ಲಿ ನಾಲ್ಕಾರು ಒಳ್ಳೆಯ ಲೇಖನ, ಉಳಿದದ್ದು ರೇಷ್ಮೆ ಅಂಗಡಿ, ಬ್ಯಾಂಕುಗಳ ಜಾಹೀರಾತು. ಹೊಸ ಪತ್ರಿಕೆಗೆ ನಿಜವಾದ ಪ್ರತಿಸ್ಪರ್ಧಿ ಇನ್ನೊಂದು ಪತ್ರಿಕೆ ಅಲ್ಲ, ಈ ಪುಕ್ಕಟೆ ಸ್ಮರಣ ಸಂಚಿಕೆ. ಹಾಗೆಂದು ರಸಿಕನನ್ನು ಪೂರ್ತಿ ಕೈಬಿಡಬೇಕಾಗಿಲ್ಲ. ತಾನು ಕೇಳಲಾರದೆ ಹೋದದ್ದರ ಬಗ್ಗೆ ಅವನು ಓದುತ್ತಾನೆ. ಪಿಟೀಲು ಚೌಡಯ್ಯನವರು ಏಳು ತಂತಿಯ ವಾದ್ಯಕ್ಕೆ ಏಕೆ ಹೋದರು, ಧ್ವನಿವರ್ಧಕ ಬಂದ ಮೇಲೆ ಹಾಡುವ ಶಾರೀರ ಹೇಗೆ ಬದಲಾಯಿತು, ಮೈಸೂರು ಬಾನಿಯ ವೀಣೆಯಲ್ಲಿ ದೊರೆಸ್ವಾಮಿ ಅಯ್ಯಂಗಾರ್ಯರ ನುಡಿಸಾಣಿಕೆಯ ಗುಣ ಏನು ಎಂಬಂಥವನ್ನು ಬಿಡದೆ ಓದುತ್ತಾನೆ. ಕಳೆದ ವಾರದ ಕಛೇರಿಯನ್ನು ಅವನಿಗೇ ಬಿಟ್ಟುಬಿಡುವುದು ಒಳ್ಳೆಯದು.

ಸಂಜೆಯ ಸಭಾಂಗಣಕ್ಕಿಂತ ಬೆಳಗಿನ ಸಭಾಂಗಣ ಪತ್ರಿಕೆಗೆ ಹೆಚ್ಚು ಆಪ್ತ. ಗಾಯನ ಸಮಾಜದ ವಾರ್ಷಿಕ ಸಂಗೀತ ಸಮ್ಮೇಳನದಲ್ಲಿ ಬೆಳಗಿನ ಹೊತ್ತು ಪ್ರಾತ್ಯಕ್ಷಿಕೆಗಳು ನಡೆಯುತ್ತವೆ. ಸಂಜೆಗಿಂತ ಜನ ಬಹಳ ಕಡಿಮೆ, ಆದರೆ ಬಂದವರಲ್ಲಿ ಕೆಲವರ ತೊಡೆಯ ಮೇಲೆ ನೋಟ್‌ಬುಕ್ಕು ಇರುತ್ತದೆ. ಬರೆದುಕೊಳ್ಳುವವರು ಓದುವವರೂ ಹೌದು. ಇಂಥವರ ಪಟ್ಟಿಯೊಂದನ್ನು ಮಾಡಿಕೊಂಡ ಸಂಪಾದಕನಿಗೆ ಮೊದಲ ನೂರು ಚಂದಾದಾರರ ವಿಳಾಸ ಸಿಕ್ಕಂತೆ.

ನೋಟ್‌ಬುಕ್ಕಿನ ಜಾಡು ಹಿಡಿದು ಹೋದರೆ ಪಾಠದ ಮನೆ ಸಿಗುತ್ತದೆ. ಈ ಸಮೀಕ್ಷೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗವೂ ಅದೇ. ತ್ಯಾಗರಾಜನಗರ, ಎನ್.ಆರ್. ಕಾಲೊನಿ, ಹನುಮಂತನಗರದ ಅಡ್ಡರಸ್ತೆಗಳಲ್ಲಿ ಸಂಜೆ ಐದರ ಮೇಲೆ ನಡೆದರೆ ಶ್ರುತಿಪೆಟ್ಟಿಗೆಯ ದನಿಯೇ ವಿಳಾಸ ಹೇಳುತ್ತದೆ. ಮೇಲಿನ ಮಹಡಿಯ ಕೋಣೆಯಲ್ಲಿ ಚಾಪೆ, ಗೋಡೆಗೆ ಒರಗಿಸಿದ ತಂಬೂರಿ, ಅದರ ಪಕ್ಕದಲ್ಲೇ ಅದರ ಕೆಲಸ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಐದಾರು ಮಕ್ಕಳು ಜಂಟಿ ವರಸೆ ಹೇಳುತ್ತಿದ್ದರೆ, ಮುಂದಿನ ಬ್ಯಾಚಿನವರು ಮೆಟ್ಟಿಲ ಮೇಲೆ ಕೂತು ಶಾಲೆಯ ಹೋಂವರ್ಕ್ ಮುಗಿಸುತ್ತಿರುತ್ತಾರೆ. ಕರೆತಂದ ತಾಯಂದಿರು ಕೆಳಗೆ ಗೇಟಿನ ಬಳಿ ಒಂದು ಗಂಟೆ ಕಾಯುತ್ತಾರೆ. ಆ ಒಂದು ಗಂಟೆಯಲ್ಲಿ ಅವರ ಕೈಯಲ್ಲಿ ಈಗ ಇರುವುದು ಫೋನು. ಅಲ್ಲಿಗೆ ಒಂದು ಪತ್ರಿಕೆ ಹೋಗುವುದು ಸಾಧ್ಯವೇ ಎಂಬುದನ್ನು ಹೊಸ ಪತ್ರಿಕೆಯವರು ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕು.

ಪಾಠದ ಮನೆಗೆ ಓದುವ ಅಗತ್ಯ ತಂದಿಟ್ಟದ್ದು ಸರ್ಕಾರಿ ಸಂಗೀತ ಪರೀಕ್ಷೆ. ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ ಎಂಬ ಈ ಪರೀಕ್ಷೆಗಳನ್ನು ಬಹುಕಾಲ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿತ್ತು. ಈಚೆಗೆ ಹೊಣೆ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಹೋಗಿದೆ. ಹಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆಯ ಜೊತೆಗೆ ಕೂತು ಬರೆಯುವ ಶಾಸ್ತ್ರದ ಪತ್ರಿಕೆಯೂ ಇದೆ: ರಾಗಲಕ್ಷಣ, ತಾಳದ ಅಂಗಗಳು, ವಾಗ್ಗೇಯಕಾರರ ಜೀವನ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಇವನ್ನು ಓದಿಸಲು ಮನೆಯಲ್ಲಿ ಯಾರೋ ಒಬ್ಬರು ಕೂರಬೇಕು. ಸಾಮಾನ್ಯವಾಗಿ ಕೂರುವುದು ಅಮ್ಮ, ಇಲ್ಲವೇ ಕನ್ನಡ ಸಲೀಸಾಗಿ ಓದುವ ಅಜ್ಜಿ. ಹೀಗೆ ಒಂದು ಮಗುವಿನ ಪರೀಕ್ಷೆ ಎರಡು ತಲೆಮಾರಿನ ಕೈಗೆ ಸಂಗೀತದ ಪುಸ್ತಕ ಕೊಡುತ್ತದೆ. ಪತ್ರಿಕೆ ಹಿಡಿಯಬೇಕಾದದ್ದು ಆ ಕೈಯನ್ನು. ‘ಯುವ ಓದುಗರು’ ಎಂದು ಯೋಜನೆಯ ಕಾಗದದಲ್ಲಿ ಬರೆಯುವುದು ಚೆಂದ, ಚಂದಾ ಕಟ್ಟುವುದು ಮಾತ್ರ ನಲವತ್ತು ದಾಟಿದವರು.

ಅವರಲ್ಲೂ ಒಂದು ಗುಂಪನ್ನು ಬೇರೆಯಾಗಿ ಗುರುತಿಸಬೇಕು. ಮಗಳನ್ನು ಪಾಠಕ್ಕೆ ಕರೆತಂದು ಕೊನೆಗೆ ತಾವೇ ಸೇರಿಕೊಂಡವರು, ಬ್ಯಾಂಕಿನಿಂದ ನಿವೃತ್ತರಾಗಿ ಚಿಕ್ಕಂದಿನಲ್ಲಿ ಬಿಟ್ಟ ವೀಣೆಯನ್ನು ಮತ್ತೆ ಎತ್ತಿಕೊಂಡವರು ಈ ಬಡಾವಣೆಗಳಲ್ಲಿ ಧಾರಾಳ. ಇವರಿಗೆ ಪರೀಕ್ಷೆಯ ಭಯವಿಲ್ಲ, ಹೊತ್ತಿದೆ, ಕೈಯಲ್ಲಿ ಸ್ವಲ್ಪ ದುಡ್ಡಿದೆ, ಎಲ್ಲಕ್ಕಿಂತ ಮಿಗಿಲಾಗಿ ‘ಇದು ಹೀಗೇಕೆ’ ಎಂದು ಕೇಳುವ ವಯಸ್ಸಿದೆ. ಮಗು ಹೇಳಿಕೊಟ್ಟದ್ದನ್ನು ಹಾಡುತ್ತದೆ, ಇವರು ಅರ್ಥ ಕೇಳುತ್ತಾರೆ. ತ್ಯಾಗರಾಜರ ತೆಲುಗು ಕೃತಿಗೆ ಪದಶಃ ಅರ್ಥ, ದೀಕ್ಷಿತರ ಸಂಸ್ಕೃತ ಕೃತಿಯಲ್ಲಿ ಬರುವ ಕ್ಷೇತ್ರದ ವಿವರ, ಒಂದೇ ಮೇಳದಲ್ಲಿ ಹುಟ್ಟಿದ ಎರಡು ರಾಗಗಳು ಬೇರೆ ಬೇರೆಯಾಗಿ ಕೇಳುವುದು ಏಕೆ ಎಂಬ ಟಿಪ್ಪಣಿ, ಇಷ್ಟನ್ನು ತಿಂಗಳು ತಿಂಗಳು ಶುದ್ಧವಾಗಿ ಕೊಡುವ ಪತ್ರಿಕೆಯನ್ನು ಇವರು ಬಿಡುವುದಿಲ್ಲ. ಕಟ್ಟು ಹಾಕಿಸಿ ಇಟ್ಟುಕೊಳ್ಳುವವರೂ ಇವರೇ.

ಮೇಷ್ಟರು ಈ ವ್ಯವಸ್ಥೆಯ ಕೀಲಿ. ಒಬ್ಬ ಶಿಕ್ಷಕಿಗೆ ಇಪ್ಪತ್ತು ಶಿಷ್ಯರು ಎಂದು ಲೆಕ್ಕ ಹಿಡಿದರೆ ನೂರು ಶಿಕ್ಷಕರ ಮಾತು ಎರಡು ಸಾವಿರ ಮನೆಗೆ ತಲುಪುತ್ತದೆ. ಅಷ್ಟು ಮನೆಗಳಿಗೆ ಜಾಹೀರಾತಿನಿಂದ ತಲುಪುವ ಶಕ್ತಿ ಸಣ್ಣ ಪತ್ರಿಕೆಗೆ ಇರುವುದಿಲ್ಲ. ಪ್ರೆಸರ್ ಕಂಡುಕೊಂಡ ಗುಟ್ಟೂ ಇದೇ ಆಗಿತ್ತು. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಪತ್ರಿಕೆಯಲ್ಲಿ ಅಚ್ಚಾದ ಸ್ವರಪ್ರಸ್ತಾರ ತಮ್ಮ ಪಾಠಾಂತರಕ್ಕಿಂತ ಬೇರೆಯಾಗಿದ್ದರೆ ಶಿಕ್ಷಕರಿಗೆ ಇರಿಸುಮುರಿಸು. ‘ಮಿಸ್, ಪತ್ರಿಕೆಯಲ್ಲಿ ಹೀಗಿದೆ’ ಎಂದು ಶಿಷ್ಯ ಎದ್ದು ಹೇಳುವ ದಿನ ಆ ಮನೆಗೆ ಪತ್ರಿಕೆ ಬರುವುದು ನಿಲ್ಲುತ್ತದೆ. ಆದ್ದರಿಂದ ಯಾರ ಪಾಠಾಂತರ ಎಂಬುದನ್ನು ಪ್ರತಿ ಸಲವೂ ನಮೂದಿಸುವುದು, ಸಾಧ್ಯವಾದ ಕಡೆ ಎರಡು ಪಾಠಾಂತರಗಳನ್ನು ಅಕ್ಕಪಕ್ಕ ಕೊಡುವುದು ಬರಿಯ ವಿದ್ವತ್ತಿನ ಶಿಸ್ತಲ್ಲ, ಚಂದಾ ಉಳಿಸಿಕೊಳ್ಳುವ ಉಪಾಯವೂ ಹೌದು.

ಭಜನಾ ಮಂಡಳಿಗಳನ್ನು ಸಂಗೀತ ಪತ್ರಿಕೆಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಅಹಂಕಾರದಿಂದ ಆಗುವ ನಷ್ಟ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ದೇವಸ್ಥಾನಗಳಲ್ಲಿ ವಾರಕ್ಕೊಮ್ಮೆ ಸೇರಿ ದೇವರನಾಮ ಹಾಡುವ ಹೆಂಗಸರ ಗುಂಪುಗಳು ವರ್ಷವಿಡೀ ಹೊಸ ಪದಗಳನ್ನು ಹುಡುಕುತ್ತಿರುತ್ತವೆ. ಅವರ ಕೈಯಲ್ಲಿ ಬರೆದುಕೊಂಡ ದಪ್ಪ ಪುಸ್ತಕ, ಇಲ್ಲವೇ ಜೆರಾಕ್ಸ್ ಹಾಳೆಗಳ ಕಟ್ಟು. ಅವರಿಗೆ ಬೇಕಾದದ್ದು ಪುರಂದರ, ವಿಜಯ, ಗೋಪಾಲ, ಜಗನ್ನಾಥದಾಸರ ಪದಗಳ ತಪ್ಪಿಲ್ಲದ ಪಠ್ಯ, ಹಾಡಲು ಬರುವ ಸರಳ ರಾಗದ ಸೂಚನೆ, ಅಪರೂಪದ ಪದಗಳಿಗೆ ಅರ್ಥ. ವಿದ್ಯಾಭೂಷಣರಂಥ ಗಾಯಕರ ದೇವರನಾಮಗಳು ಮನೆಮನೆಗೆ ಹೋದದ್ದನ್ನು ಬಲ್ಲವರು ಈ ಬಳಗದ ಗಾತ್ರವನ್ನು ಅಲ್ಲಗಳೆಯಲಾರರು. ತಿಂಗಳಿಗೆ ನಾಲ್ಕು ಪುಟ ಮೀಸಲಿಟ್ಟರೆ ಮಂಡಳಿಗೊಂದು ಪ್ರತಿ ಖಚಿತ. ಆದರೆ ಒಂದೇ ಪ್ರತಿ: ಉಳಿದವರು ಅದನ್ನು ಜೆರಾಕ್ಸ್ ಮಾಡಿಸಿಕೊಳ್ಳುತ್ತಾರೆ.

ಸುಗಮ ಸಂಗೀತದ ಕೇಳುಗ ಬೇರೆ ಕಾರಣಕ್ಕೆ ಮುಖ್ಯ. ಕರ್ನಾಟಕ ಸಂಗೀತದ ಕೇಳುಗನಿಗೆ ಕನ್ನಡ ಬರಲೇಬೇಕೆಂದಿಲ್ಲ. ಬೆಂಗಳೂರಿನ ಸಭಾಂಗಣದಲ್ಲಿ ತಮಿಳು, ತೆಲುಗು ಮನೆಮಾತಿನವರು ಎಷ್ಟೋ ಜನ, ಅವರಲ್ಲಿ ಕೆಲವರು ಕನ್ನಡ ಆಡಿದರೂ ಓದಲಾರರು. ಭಾವಗೀತೆ ಕೇಳುವವನು ಮಾತ್ರ ಹೆಚ್ಚುಕಡಿಮೆ ಕನ್ನಡದ ಓದುಗನೇ. ಪಿ. ಕಾಳಿಂಗರಾಯರಿಂದ ಮೈಸೂರು ಅನಂತಸ್ವಾಮಿ, ಶಿವಮೊಗ್ಗ ಸುಬ್ಬಣ್ಣ, ಸಿ. ಅಶ್ವತ್ಥ್ ಅವರವರೆಗೆ ಈ ಪ್ರಕಾರ ಬೆಳೆದದ್ದು ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ, ನಿಸಾರ್ ಅಹಮದರ ಕವಿತೆಗಳ ಮೇಲೆ. 2005ರಲ್ಲಿ ಅರಮನೆ ಮೈದಾನದಲ್ಲಿ ಅಶ್ವತ್ಥ್ ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ನೆರೆದ ಜನಸಾಗರ ಕವಿತೆ ಕೇಳಲು ಬಂದದ್ದು ಎಂದರೂ ತಪ್ಪಿಲ್ಲ. ಈ ಬಳಗಕ್ಕೆ ಸ್ವರಲಿಪಿ ಬೇಕಿಲ್ಲ. ಒಂದು ಕವಿತೆಗೆ ಒಬ್ಬ ಸಂಯೋಜಕ ಆ ಧಾಟಿಯನ್ನೇ ಏಕೆ ಆರಿಸಿದ, ಇನ್ನೊಬ್ಬ ಬೇರೆಯಾಗಿ ಹಾಡಿದಾಗ ಕವಿತೆಯ ಅರ್ಥ ಎಲ್ಲಿ ಹೊರಳಿತು ಎಂಬ ಬರಹಕ್ಕೆ ಇಲ್ಲಿ ಓದುಗರಿದ್ದಾರೆ. ಅಂಥ ಬರಹ ಕನ್ನಡದಲ್ಲಿ ಬಂದದ್ದು ಕಡಿಮೆ.

ಇಲ್ಲಿಂದ ಒಂದು ಹೆಜ್ಜೆ ಆಚೆಗೆ ಇನ್ನೊಬ್ಬ ಓದುಗ ನಿಂತಿದ್ದಾನೆ. ಅವನು ಕಛೇರಿಗೆ ಹೋಗುವವನಲ್ಲ, ಹಾಡುವವನಲ್ಲ, ರಾಗದ ಹೆಸರೂ ಅಷ್ಟಕ್ಕಷ್ಟೆ. ಆದರೆ ಹಾಡುಗಾರರ ಕಥೆಯನ್ನು ಬಿಡದೆ ಓದುತ್ತಾನೆ. ಇವನು ಇದ್ದಾನೆ ಎಂಬುದಕ್ಕೆ ಕನ್ನಡ ಸಾಹಿತ್ಯವೇ ಸಾಕ್ಷಿ. ಅ.ನ. ಕೃಷ್ಣರಾಯರ ‘ಸಂಧ್ಯಾರಾಗ’ದಿಂದ ಎಸ್.ಎಲ್. ಭೈರಪ್ಪನವರ ‘ಮಂದ್ರ’ದವರೆಗೆ ಸಂಗೀತಗಾರನ ಬದುಕನ್ನು ಹಿಡಿದ ಕಾದಂಬರಿಗಳನ್ನು ಓದಿದವರಲ್ಲಿ ಸಂಗೀತ ಬಲ್ಲವರು ಸ್ವಲ್ಪ ಜನ. 2002ರಲ್ಲಿ ಬಂದ ‘ಮಂದ್ರ’ಕ್ಕೆ ಸರಸ್ವತಿ ಸಮ್ಮಾನ್ ಸಿಕ್ಕಿದ್ದು ಓದುಗರ ಮನ್ನಣೆ ಸಿಕ್ಕ ಎಷ್ಟೋ ವರ್ಷದ ಮೇಲೆ. ಡಿವಿಜಿಯವರ ‘ಜ್ಞಾಪಕ ಚಿತ್ರಶಾಲೆ’ಯ ‘ಕಲೋಪಾಸಕರು’ ಸಂಪುಟವೂ, ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’ ಎಂಬ ನೆನಪಿನ ಪುಸ್ತಕವೂ ಇಂದಿಗೂ ಜನ ಹುಡುಕಿ ಓದುವಂಥವು. ವಿದ್ವಾಂಸರ ಜಗಳ, ಹಸಿವು, ರಾಜಾಶ್ರಯದ ಸುಖದುಃಖ, ಗುರುವಿನ ಕಾಠಿಣ್ಯ, ಹಾಸ್ಯ ಎಲ್ಲವೂ ಅಲ್ಲಿವೆ. ಅಂಥ ಬರಹ ಸಾಮಾನ್ಯ ಓದುಗನಿಗೆ ರುಚಿಸುವುದು ಮನುಷ್ಯರ ಕಾರಣಕ್ಕೆ. ಸಂಖ್ಯೆಯಲ್ಲಿ ಎಲ್ಲರಿಗಿಂತ ದೊಡ್ಡದು ಈ ಗುಂಪು. ತೊಡಕೆಂದರೆ ಇವನು ಅಂಗಡಿಯಲ್ಲಿ ಪುಟ ತಿರುವಿ, ಲೇಖನ ಹಿಡಿಸಿದರೆ ಆ ತಿಂಗಳಿಗೆ ಮಾತ್ರ ಕೊಳ್ಳುತ್ತಾನೆ, ಚಂದಾದಾರನಾಗುವುದು ಅಪರೂಪ. ಇಂಥ ಒಂದು ದೀರ್ಘ ವ್ಯಕ್ತಿಚಿತ್ರ ಪ್ರತಿ ಸಂಚಿಕೆಯಲ್ಲೂ ಇರಬೇಕು, ಆದರೆ ಇವನನ್ನೇ ನಂಬಿ ಪುಟಗಳ ಸಂಖ್ಯೆ ಏರಿಸಬಾರದು.

ಕಲಾವಿದರು ಓದುತ್ತಾರೆಯೇ? ತಮ್ಮ ಹೆಸರು ಇದ್ದಾಗ ಓದುತ್ತಾರೆ, ಗೌರವ ಪ್ರತಿ ಬಂದರೆ ಓದುತ್ತಾರೆ. ಚಂದಾದಾರರ ಪಟ್ಟಿಗೆ ಇವರನ್ನು ಸೇರಿಸಿ ಲೆಕ್ಕ ಹಾಕಿದ ಪತ್ರಿಕೆಯ ಲೆಕ್ಕ ತಪ್ಪುತ್ತದೆ.

ಸಿನಿಮಾ ಹಾಡು, ಬ್ಯಾಂಡು, ರ‍್ಯಾಪಿನ ಕೇಳುಗರ ಸಂಖ್ಯೆಗೆ ಎಣೆಯಿಲ್ಲ. ಆದರೆ ಹಾಡು ಬಿಡುಗಡೆಯಾದ ಕ್ಷಣಕ್ಕೆ ಫೋನಿನಲ್ಲಿ ಎಲ್ಲವೂ ಸಿಗುವ ಅವರಿಗೆ ತಿಂಗಳ ಪತ್ರಿಕೆ ಹಳಸಲು. 1993ರಲ್ಲಿ ಅಲಹಾಬಾದಿನಿಂದ ಹೊರಟ ‘ರಾಕ್ ಸ್ಟ್ರೀಟ್ ಜರ್ನಲ್’ ದೇಶದ ಕಾಲೇಜುಗಳಲ್ಲಿ ಚದುರಿದ್ದ ರಾಕ್ ಕೇಳುಗರನ್ನು ಒಂದು ಕಡೆ ಸೇರಿಸಿದ್ದು ಇಂಟರ್ನೆಟ್ ಇಲ್ಲದ ಕಾಲದಲ್ಲಿ. ಈ ವಲಯದಲ್ಲಿ ಪತ್ರಿಕೆಗೆ ಒದಗುವವರು ಒಂದು ಸಣ್ಣ ಗುಂಪು: ಟಿವಿಯ ಗಾಯನ ಸ್ಪರ್ಧೆಗಳಿಗೆ ಮಕ್ಕಳನ್ನು ತಯಾರು ಮಾಡುವ ತಂದೆತಾಯಿ. ಅವರು ಮತ್ತೆ ಪಾಠದ ಮನೆಯ ಗೇಟಿನ ಬಳಿಯೇ ಸಿಗುತ್ತಾರೆ.

ಬೆಂಗಳೂರಿನಲ್ಲಿ ಕೂತು ಯೋಚಿಸುವವರು ಮರೆಯುವ ಒಂದು ಗೆರೆ ಉಂಟು. ತುಂಗಭದ್ರೆಯ ಆಚೆಗೆ ಸಂಗೀತ ಎಂದರೆ ಹಿಂದುಸ್ತಾನಿ. ಧಾರವಾಡ, ಹುಬ್ಬಳ್ಳಿ, ಕುಂದಗೋಳದ ಪರಂಪರೆ, ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಟ್ಟಿ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ, ಗಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳು, ಎಲ್ಲವೂ ಬೇರೆ ಲೋಕ. ಅಲ್ಲಿನ ವಿದ್ಯಾರ್ಥಿಗೆ ಹಿಂದಿ, ಮರಾಠಿ ಪುಸ್ತಕಗಳ ಬದಲು ಕನ್ನಡದಲ್ಲಿ ಓದುವ ಸಾಮಗ್ರಿ ಬೇಕಾಗಿದೆ. ಆ ಕೊರತೆ ತ್ಯಾಗರಾಜನಗರದ ಕೊರತೆಗಿಂತ ದೊಡ್ಡದು. ಎರಡೂ ಕಡೆಯವರನ್ನು ಒಂದೇ ಪತ್ರಿಕೆಯಲ್ಲಿ ತೃಪ್ತಿಪಡಿಸುವ ಆಸೆ ಎಲ್ಲ ಸಂಪಾದಕರಿಗೂ ಇರುತ್ತದೆ. ಅರ್ಧ ಅರ್ಧ ಹಂಚಿದ ಸಂಚಿಕೆಯಲ್ಲಿ ಇಬ್ಬರಿಗೂ ಅರ್ಧ ಪತ್ರಿಕೆ ಬೇಡದ್ದಾಗಿ ಕಾಣುತ್ತದೆ. ಕಾಲೊನಿಯ ಪಾಠದ ಮನೆಯನ್ನು ಆರಿಸಿಕೊಂಡ ಪತ್ರಿಕೆ ಹಿಂದುಸ್ತಾನಿಗೆ ವ್ಯಕ್ತಿಚಿತ್ರಗಳ ಮೂಲಕ ಮಾತ್ರ ಜಾಗ ಕೊಡುವುದು ಪ್ರಾಮಾಣಿಕವಾದ ಹಾದಿ. ಮಲ್ಲಿಕಾರ್ಜುನ ಮನ್ಸೂರರ ಬದುಕನ್ನು ಓದಲು ಯಾರಿಗೂ ಗಾಯನಶೈಲಿಯ ವ್ಯಾಕರಣ ಬೇಕಾಗಿಲ್ಲ.

ಪರದೇಶದ ಕನ್ನಡ ಮನೆಗಳ ಬಗ್ಗೆ ನಿರೀಕ್ಷೆ ಯಾವಾಗಲೂ ದೊಡ್ಡದು. ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ತ್ಯಾಗರಾಜ ಆರಾಧನೆ ನಡೆಯುತ್ತಿದೆ, ಬಸವನಗುಡಿಯ ಶಿಕ್ಷಕರು ನಸುಕಿನಲ್ಲೆದ್ದು ಕ್ಯಾಲಿಫೋರ್ನಿಯಾದ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುತ್ತಾರೆ. ಆದರೆ ಆ ಮಕ್ಕಳು ಕನ್ನಡ ಅಕ್ಷರ ಓದುವುದಿಲ್ಲ, ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಓದುವವರು ಅಪ್ಪ ಅಮ್ಮ, ಅದೂ ಫೋನಿನಲ್ಲಿ. ಅವರಿಗೆ ಮುದ್ರಿತ ಪ್ರತಿ ಕಳಿಸುವ ಅಂಚೆ ವೆಚ್ಚ ಚಂದಾವನ್ನೇ ನುಂಗುತ್ತದೆ. ಪಿಡಿಎಫ್ ಚಂದಾ ಮತ್ತು ಹಾಡಿಸಿ ಮಾಡಿದ ಧ್ವನಿಮುದ್ರಣ ಇವರಿಗೆ ತಕ್ಕದ್ದು.

ಇಷ್ಟು ಗುಂಪುಗಳನ್ನು ಊಹೆಯಲ್ಲಿ ವಿಂಗಡಿಸಿದರೆ ಸಾಲದು, ಕೇಳಿ ತಿಳಿಯಬೇಕು. ಕೇಳುವ ಬಗೆಯಲ್ಲಿ ಎಚ್ಚರ ಬೇಕು. ‘ಇಂಥ ಪತ್ರಿಕೆ ಬಂದರೆ ತರಿಸುತ್ತೀರಾ’ ಎಂದು ಬಸವನಗುಡಿಯ ಯಾವ ಮನೆಯಲ್ಲಿ ಕೇಳಿದರೂ ಇಲ್ಲ ಎನ್ನುವವರು ಸಿಗುವುದಿಲ್ಲ. ಒಳಗೆ ಕರೆದು ಕಾಫಿಯನ್ನೂ ಕೊಡುತ್ತಾರೆ. ಆ ‘ಹೂಂ’ನಿಂದ ಏನೂ ತಿಳಿಯುವುದಿಲ್ಲ. ಕಳೆದ ತಿಂಗಳು ಯಾವ ಪತ್ರಿಕೆಗೆ ದುಡ್ಡು ಕೊಟ್ಟಿರಿ, ಮನೆಯಲ್ಲಿ ಇರುವ ಸಂಗೀತದ ಪುಸ್ತಕ ಯಾವುದು, ಕೊನೆಯದಾಗಿ ಅದನ್ನು ತೆರೆದದ್ದು ಏಕೆ, ಕೃತಿಯೊಂದರ ಸಾಹಿತ್ಯ ಬೇಕಾದಾಗ ಎಲ್ಲಿ ಹುಡುಕುತ್ತೀರಿ ಎಂಬ ನಾಲ್ಕು ಪ್ರಶ್ನೆಗಳಿಗೆ ಬರುವ ಉತ್ತರ ಹೆಚ್ಚು ಹೇಳುತ್ತದೆ. ಗಾಂಧಿಬಜಾರಿನ ಪುಸ್ತಕದ ಅಂಗಡಿಯವರನ್ನು ಮಾತಾಡಿಸಿದರೆ ಯಾವ ಸಂಗೀತ ಪುಸ್ತಕ ಮರುಮುದ್ರಣವಾಗುತ್ತಿದೆ, ಯಾವುದು ಧೂಳು ಹಿಡಿದಿದೆ ಎಂಬುದು ತಿಳಿಯುತ್ತದೆ. ವಾಚನಾಲಯದ ಮೇಜಿನ ಮೇಲೆ ಯಾವ ಮಾಸಿಕದ ಅಂಚು ಮುದುಡಿದೆ ಎಂದು ನೋಡುವುದೂ ಸಮೀಕ್ಷೆಯೇ.

ಓದುಗನ ಆಯ್ಕೆ ಹಣದ ಲೆಕ್ಕವನ್ನೂ ಬದಲಿಸುತ್ತದೆ. ರಸಿಕರ ಪತ್ರಿಕೆಗೆ ಸಭೆಗಳ, ರೇಷ್ಮೆ ಅಂಗಡಿಗಳ ಜಾಹೀರಾತು ಬರುವುದು ಉತ್ಸವದ ತಿಂಗಳಲ್ಲಿ ಮಾತ್ರ. ಕಲಿಯುವವರ ಪತ್ರಿಕೆಗೆ ಶ್ರುತಿಪೆಟ್ಟಿಗೆ, ವೀಣೆ, ಮೃದಂಗದ ತಯಾರಕರು, ಪುಸ್ತಕ ಪ್ರಕಾಶಕರು, ಸಂಗೀತ ಶಾಲೆಗಳು ವರ್ಷವಿಡೀ ಇರುತ್ತಾರೆ. ಎಲೆಕ್ಟ್ರಾನಿಕ್ ತಂಬೂರಿಯನ್ನು ದೇಶಕ್ಕೆ ಪರಿಚಯಿಸಿದ ರಾಡೆಲ್ ಕಂಪನಿ ಬೆಂಗಳೂರಿನದೇ. ಅವಧಿಯ ಪ್ರಶ್ನೆಯೂ ಇದಕ್ಕೆ ಸೇರಿದ್ದು. ಸಣ್ಣ ಬಂಡವಾಳದವರು ತ್ರೈಮಾಸಿಕವೇ ಸಾಕು ಎನ್ನುತ್ತಾರೆ, ಆದರೆ ಪತ್ರಿಕೆಗಳಿಗೆ ಅಂಚೆಯ ರಿಯಾಯಿತಿ ದರ ಸಿಗಲು 31 ದಿನಕ್ಕೆ ಮೀರದ ಅಂತರದಲ್ಲಿ ಪ್ರಕಟವಾಗಬೇಕೆಂಬ ನಿಯಮ 1898ರ ಅಂಚೆ ಕಾಯಿದೆಯ ಕಾಲದಿಂದ ಬಂದದ್ದು. ಮೂರು ತಿಂಗಳಿಗೊಮ್ಮೆ ಬರುವ ಪತ್ರಿಕೆ ಅಂಚೆಗೆ ಹೆಚ್ಚು ತೆರಬೇಕಾಗುತ್ತದೆ. ಪರೀಕ್ಷೆಗೆ ಓದುವ ಮನೆಗೂ ತಿಂಗಳ ಕಂತೇ ಹಿಡಿಸುತ್ತದೆ. ಶೀರ್ಷಿಕೆಯ ನೋಂದಣಿ ಈಗ 2023ರ ಪತ್ರಿಕೆ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯಿದೆಯಡಿ ಆನ್‌ಲೈನಿನಲ್ಲೇ ಆಗುವುದರಿಂದ ಅದಕ್ಕಾಗಿ ಹಿಂದೆ ಬೇಕಿದ್ದ ಓಡಾಟ ಕಡಿಮೆಯಾಗಿದೆ.

ಯಾವ ತಿಂಗಳು ಆರಂಭಿಸಬೇಕು ಎಂಬುದು ಕೊನೆಗೆ ಉಳಿಯುವ ಪ್ರಶ್ನೆ. ಉತ್ತರ ಓದುಗನನ್ನೇ ಅವಲಂಬಿಸಿದೆ. ರಸಿಕನಿಗಾಗಿ ಹೊರಡುವ ಪತ್ರಿಕೆ ರಾಮನವಮಿಯ ಹೊತ್ತಿಗೆ ಚಪ್ಪರದ ಬಾಗಿಲಲ್ಲಿ ಇರಬೇಕು. ಪರದೇಶದವರು ಕಣ್ಣ ಮುಂದಿದ್ದರೆ, ಅವರು ಊರಿಗೆ ಬರುವ ಡಿಸೆಂಬರ್ ಸರಿ. ಕಲಿಯುವ ಮನೆಯನ್ನು ನಂಬಿದ ಪತ್ರಿಕೆಗೆ ವಿಜಯದಶಮಿ ತಕ್ಕ ದಿನ. ಹೊಸ ಶಿಷ್ಯರು ತಟ್ಟೆಯಲ್ಲಿ ಹಣ್ಣು ಕಾಯಿ ಹಿಡಿದು ಪಾಠಕ್ಕೆ ಸೇರುವುದು ಅಂದು, ಮೊದಲ ನೋಟ್‌ಬುಕ್ಕು ಕೊಳ್ಳುವುದೂ ಅದೇ ವಾರ. ಅಂದು ಸೇರಿದ ಚಂದಾದಾರರಲ್ಲಿ ಎಷ್ಟು ಜನ ಮುಂದಿನ ದಸರೆಗೆ ಚಂದಾ ನವೀಕರಿಸಿದರು ಎಂಬುದನ್ನು ಶಿಕ್ಷಕರವಾರು ಬರೆದಿಟ್ಟುಕೊಂಡರೆ ಎರಡನೆಯ ವರ್ಷದ ಪುಟಗಳನ್ನು ಯಾರಿಗೆ ಎಷ್ಟು ಹಂಚಬೇಕೆಂಬುದು ಗೊತ್ತಾಗುತ್ತದೆ.